ನಾಯಕನ ಕಣ್ಣು, ನಾಯಕಿಯ ನೋಟ: ಆಸ್ಟಿನ್ ಮತ್ತು ಬ್ರಾಂಟೆ ಸೋದರಿಯರ ಕಾದಂಬರಿಗಳ ಒಂದು ಓದು

ಸಾರಾಂಶ

ಪ್ರಣಯ ಕಾದಂಬರಿಯ ನಾಯಕನ ಕಣ್ಣಿಗಿರುವ ಸೆಳೆತವನ್ನು ಅದರ ಬಣ್ಣ, ಹೊಳಪು, ತೀಕ್ಷ್ಣತೆಗಳಲ್ಲಿ ಹುಡುಕುವುದು ರೂಢಿ. 1813 ಮತ್ತು 1847ರಲ್ಲಿ ಪ್ರಕಟವಾದ ಮೂರು ಇಂಗ್ಲಿಷ್ ಕಾದಂಬರಿಗಳನ್ನು ಆಧರಿಸಿದ ಈ ಲೇಖನ ಬೇರೊಂದು ವಾದವನ್ನು ಮುಂದಿಡುತ್ತದೆ: ನಾಯಕನ ನೋಟ ತುಸು ಹೊತ್ತು ತಡೆದು ನಿಂತಾಗ, ಅವನ ಕಣ್ಣನ್ನು ಅಳುಕಿಲ್ಲದೆ ನೋಡುವ ಬಿಡುವು ನಾಯಕಿಗೆ ದೊರೆತಾಗ ಆ ಸೆಳೆತ ಹುಟ್ಟುತ್ತದೆ.

ಕೀಲಿಪದಗಳು: ಪ್ರಣಯ ಕಾದಂಬರಿ, ನೋಟ, ಚಕ್ಷುಪ್ರೀತಿ, ಜೇನ್ ಆಸ್ಟಿನ್, ಬ್ರಾಂಟೆ ಸೋದರಿಯರು

1. ಪ್ರಶ್ನೆ

ಮೀನಾಕ್ಷಿ, ಕಮಲಾಕ್ಷಿ, ಹರಿಣಾಕ್ಷಿ ಎಂದು ನಮ್ಮ ಕಾವ್ಯಗಳು ನಾಯಕಿಯ ಕಣ್ಣಿಗೆ ಹೆಸರಿಟ್ಟು ದಣಿದಿಲ್ಲ. ಕಾಮದ ಹತ್ತು ಅವಸ್ಥೆಗಳನ್ನು ಎಣಿಸುವ ವಾತ್ಸ್ಯಾಯನ ಮೊದಲಿಗೆ ಹೇಳುವುದು ಚಕ್ಷುಪ್ರೀತಿಯನ್ನು. ಆದರೆ ಯಾರು ನೋಡಿದರು, ಯಾರು ತಲೆ ತಗ್ಗಿಸಿದರು ಎಂಬುದು ಆ ಪದದೊಳಗಿಲ್ಲ. ಸಿನಿಮಾದಲ್ಲಿ ನೋಡುವ ಅಧಿಕಾರ ಗಂಡಿನದು, ನೋಡಿಸಿಕೊಳ್ಳುವ ಪಾಡು ಹೆಣ್ಣಿನದು ಎಂದು ಲಾರಾ ಮಲ್ವಿ 1975ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ವಾದಿಸಿದರು. ಹೆಂಗಸರೇ ಬರೆದು, ಬಹುಮಟ್ಟಿಗೆ ಹೆಂಗಸರೇ ಓದುತ್ತ ಬಂದ ಪ್ರಣಯ ಕಾದಂಬರಿ ಈ ಲೆಕ್ಕವನ್ನು ಹೇಗೆ ತಿರುವಿ ಹಾಕುತ್ತದೆ ಎಂಬುದು ಇಲ್ಲಿನ ಪ್ರಶ್ನೆ.

2. ಕ್ಯಾನ್ವಾಸಿನ ಕಣ್ಣು

ಜೇನ್ ಆಸ್ಟಿನ್‌ಳ ‘ಪ್ರೈಡ್ ಅಂಡ್ ಪ್ರೆಜುಡಿಸ್’ (1813) ಕಾದಂಬರಿಯಲ್ಲಿ ಕಣ್ಣಿನ ಹೊಗಳಿಕೆ ಸಲ್ಲುವುದು ಎಲಿಜಬೆತ್‌ಗೆ. ಹೊಗಳುವವನು ಡಾರ್ಸಿ. ಅವನ ಕಣ್ಣು ಹೇಗಿತ್ತೆಂದು ಕಾದಂಬರಿ ಬಣ್ಣಿಸುವ ಗೋಜಿಗೇ ಹೋಗುವುದಿಲ್ಲ. ಅವನು ನೆಟ್ಟ ನೋಟದಿಂದ ನೋಡಿದಾಗಲೆಲ್ಲ ತನ್ನಲ್ಲಿ ಏನೋ ಕೊರತೆ ಹುಡುಕುತ್ತಿದ್ದಾನೆಂದೇ ಎಲಿಜಬೆತ್ ಭಾವಿಸುತ್ತಾಳೆ. ಅಲ್ಲಿಯವರೆಗೆ ಅವನ ಕಣ್ಣು ನ್ಯಾಯಾಧೀಶನ ಕಣ್ಣು.

ತಿರುವು ಬರುವುದು ಡಾರ್ಸಿಯ ಪೆಂಬರ್ಲಿ ಬಂಗಲೆಯ ಚಿತ್ರಶಾಲೆಯಲ್ಲಿ. ಒಡೆಯ ಊರಲ್ಲಿಲ್ಲ ಎಂಬ ಧೈರ್ಯದಿಂದ ಮನೆ ನೋಡಲು ಬಂದಿರುವ ಎಲಿಜಬೆತ್, ಮನೆವಾರ್ತೆಯ ಹೆಂಗಸು ಅವನನ್ನು ಮೆಚ್ಚಿ ಆಡಿದ ಮಾತುಗಳನ್ನು ಕೇಳಿಸಿಕೊಂಡ ಮೇಲೆ ಅವನ ಭಾವಚಿತ್ರದೆದುರು ನಿಲ್ಲುತ್ತಾಳೆ. ಇಲ್ಲಿ ಆಸ್ಟಿನ್‌ಳ ವಾಕ್ಯರಚನೆಯನ್ನು ಗಮನಿಸಬೇಕು. ಚಿತ್ರದ ಕಣ್ಣುಗಳು ಅವಳನ್ನು ದಿಟ್ಟಿಸಿದವು ಎಂದು ಅವಳು ಬರೆಯುವುದಿಲ್ಲ. ಆ ಕಣ್ಣುಗಳನ್ನು ತನ್ನ ಮೇಲೆ ನೆಡಿಸಿಕೊಳ್ಳುವ ಕ್ರಿಯೆಗೆ ಎಲಿಜಬೆತ್‌ಳೇ ಕರ್ತೃ. ಗಂಡಿನ ನೋಟ ಅವನ ಕಣ್ಣಿನಲ್ಲೇ ಉಳಿದರೂ ಅದರ ಸೂತ್ರ ಹೆಣ್ಣಿನ ಕೈಗೆ ಬಂದಿದೆ. ಕೃತಜ್ಞತೆಯ ಭಾವ ಅವಳಲ್ಲಿ ಆಳವಾಗುವುದು ಆ ಗಳಿಗೆಯಲ್ಲೇ. ಸ್ವಲ್ಪ ಹೊತ್ತಿಗೆ ಡಾರ್ಸಿ ತೋಟದಲ್ಲಿ ಅನಿರೀಕ್ಷಿತವಾಗಿ ಎದುರಾದಾಗ ಅವಳಿಗೆ ತಲೆಯೆತ್ತಿ ಅವನ ಮುಖ ನೋಡುವುದೂ ಕಷ್ಟವಾಗುತ್ತದೆ. ಚಿತ್ರ ಕೊಟ್ಟ ಬಿಡುವನ್ನು ಎದುರು ನಿಂತ ಮನುಷ್ಯ ಇನ್ನೂ ಕೊಡಲಾರ.

3. ಕಾಣದ ಕಣ್ಣು

ಷಾರ್ಲಟ್ ಬ್ರಾಂಟೆಯ ‘ಜೇನ್ ಏರ್’ (1847) ಈ ಬಿಡುವನ್ನು ಕಥನದ ಬೆನ್ನೆಲುಬಾಗಿಸುತ್ತದೆ. ರಾಚೆಸ್ಟರ್ ಚೆಲುವನಲ್ಲ. ತಾನು ಚೆಲುವನೇ ಎಂದು ಅವನೇ ಕೇಳಿದಾಗ ಜೇನ್ ಮುಲಾಜಿಲ್ಲದೆ ಇಲ್ಲವೆನ್ನುತ್ತಾಳೆ. ಆದರೂ ಅವನ ದೊಡ್ಡ ಕಪ್ಪು ಕಣ್ಣುಗಳನ್ನು ಅವಳು ಮತ್ತೆಮತ್ತೆ ಓದುತ್ತಾಳೆ.

ಅತಿಥಿಗಳಿಂದ ತುಂಬಿದ ದಿವಾನಖಾನೆಯ ಸನ್ನಿವೇಶ ಇದಕ್ಕೆ ಒಳ್ಳೆಯ ಸಾಕ್ಷ್ಯ. ಕಿಟಕಿಯ ಪಕ್ಕ ಕುಳಿತ ಜೇನ್ ಹೆಣೆಯುತ್ತಿರುವ ಚೀಲ, ಮಡಿಲಲ್ಲಿರುವ ಬೆಳ್ಳಿಮಣಿ, ರೇಷ್ಮೆ ಎಳೆಗಳಲ್ಲೇ ಮನಸ್ಸಿಡಲು ಹೆಣಗುತ್ತಾಳೆ. ರಾಚೆಸ್ಟರ್ ಒಳಬಂದು, ಅವಳತ್ತ ನೋಡದೆ, ಹೆಂಗಸರೊಡನೆ ಮಾತಿಗಿಳಿಯುತ್ತಾನೆ. ಅವನ ಗಮನ ಬೇರೆಡೆಗಿದೆಯೆಂದು ಖಾತ್ರಿಯಾದದ್ದೇ ತಡ, ಅವಳ ಕಣ್ಣು ಅವಳ ಮಾತು ಕೇಳದೆ ಅವನ ಮುಖಕ್ಕೆ ಹರಿಯುತ್ತದೆ. ಹತ್ತಿಕ್ಕಿಟ್ಟಿದ್ದ ಪ್ರೀತಿ ಆಗ ಮತ್ತೆ ಚಿಗುರುತ್ತದೆ. ಅವನು ತನ್ನನ್ನು ನೋಡಲಿಲ್ಲವೆಂಬ ನೋವೂ ಅವನನ್ನು ನೋಡಲು ಸಿಕ್ಕಿತೆಂಬ ಸುಖವೂ ಇಲ್ಲಿ ಒಂದೇ ಎಳೆಯಲ್ಲಿ ಹೆಣೆದಿವೆ.

ಥಾರ್ನ್‌ಫೀಲ್ಡ್ ಬಂಗಲೆ ಸುಟ್ಟು, ರಾಚೆಸ್ಟರ್ ದೃಷ್ಟಿಯನ್ನೂ ಒಂದು ಕೈಯನ್ನೂ ಕಳೆದುಕೊಂಡ ಮೇಲೆ ಇದೇ ಸನ್ನಿವೇಶ ಮರುಕಳಿಸುತ್ತದೆ. ಬಳಿಕ ಅವನು ನೆಲೆಸಿದ ಫರ್ನ್‌ಡೀನ್‌ನ ಮುಸ್ಸಂಜೆಯಲ್ಲಿ ಅವನು ಬಾಗಿಲು ತೆರೆದು ಹೊರಬಂದು, ಮಳೆ ಬರುತ್ತಿದೆಯೇ ಎಂದು ಕೈ ಚಾಚಿ ನೋಡುತ್ತಾನೆ. ಜೇನ್ ಉಸಿರು ಬಿಗಿಹಿಡಿದು, ನಿಂತಲ್ಲೇ ನಿಂತು ಅವನನ್ನು ಪರೀಕ್ಷಿಸುತ್ತಾಳೆ. ದಿವಾನಖಾನೆಯಲ್ಲಿ ಕದ್ದು ನೋಡಿದ್ದವಳಿಗೆ ಈಗ ಕದಿಯುವ ಅಗತ್ಯವಿಲ್ಲ. ಅದರಲ್ಲಿ ಅವಳಿಗೆ ಗೆಲುವಿನ ಸಂತೋಷವೂ ಇಲ್ಲ.

ಈ ಕುರುಡುತನವನ್ನು ವಿಮರ್ಶಕ ರಿಚರ್ಡ್ ಚೇಸ್ ಗಂಡಸುತನದ ಸಾಂಕೇತಿಕ ಹರಣವೆಂದು ಓದಿದರು. ಸಾಂಡ್ರಾ ಗಿಲ್ಬರ್ಟ್ ಮತ್ತು ಸೂಸನ್ ಗೂಬರ್ 1979ರಲ್ಲಿ ಅದನ್ನೊಪ್ಪದೆ, ಇಬ್ಬರ ನಡುವಣ ಸಮಾನತೆಗೆ ಒತ್ತು ಕೊಟ್ಟರು. ಕುರುಡುತನವನ್ನು ನಾಯಕನಿಗಾದ ಶಿಕ್ಷೆಯೆಂದು ಕಾಣುವ ಚೇಸ್ ಬಗೆಯ ವಾದಕ್ಕೆ ಎರಡು ತೊಡಕುಗಳಿವೆ. ಯಾವ ಗಾಯವೂ ಇಲ್ಲದ ಪೆಂಬರ್ಲಿಯಲ್ಲೂ ಇದೇ ವಿನ್ಯಾಸವಿದೆ. ಜೊತೆಗೆ, ಕಥೆಯಲ್ಲಿ ಎರಡು ವರ್ಷಗಳ ನಂತರ ಬ್ರಾಂಟೆ ರಾಚೆಸ್ಟರ್‌ಗೆ ಒಂದು ಕಣ್ಣಿನ ದೃಷ್ಟಿಯನ್ನು ಹಿಂದಿರುಗಿಸುತ್ತಾಳೆ. ಆ ಕಣ್ಣಿಗೆ ಮೊದಲು ಗೋಚರಿಸುವುದು ಜೇನ್‌ಳ ಕೊರಳಲ್ಲಿ ಮಿನುಗುವ ಆಭರಣ ಮತ್ತು ಅವಳ ತಿಳಿನೀಲಿ ಉಡುಪು. ತನಗೆ ಕಂಡದ್ದು ನಿಜವೇ ಎಂದು ಅವನು ಅವಳನ್ನೇ ಕೇಳುತ್ತಾನೆ. ಅವನ ನೋಟ ಮರಳಿದೆ, ಆದರೆ ಅದಕ್ಕೆ ಸಾಕ್ಷಿ ಹೇಳುವವಳು ಅವಳು.

ಈ ಸೂಕ್ಷ್ಮತೆಗೆ ಜೀವನದ ಹಿನ್ನೆಲೆಯೂ ಇದೆ. 1846ರ ಆಗಸ್ಟ್‌ನಲ್ಲಿ ಷಾರ್ಲಟ್‌ಳ ತಂದೆ ಪ್ಯಾಟ್ರಿಕ್ ಬ್ರಾಂಟೆಗೆ ಮ್ಯಾಂಚೆಸ್ಟರ್‌ನಲ್ಲಿ ಅರಿವಳಿಕೆಯಿಲ್ಲದೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ನಡೆಯಿತು. ಅದೂ ಒಂದು ಕಣ್ಣಿಗಷ್ಟೇ. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಕತ್ತಲ ಕೋಣೆಯಲ್ಲಿ ಮಲಗಿದ್ದ ತಂದೆಯ ಆರೈಕೆ ಮಾಡುತ್ತಲೇ ಅವಳು ‘ಜೇನ್ ಏರ್’ ಬರೆಯಲು ತೊಡಗಿದಳು. ಇದನ್ನು ಕಾದಂಬರಿಯ ಅಂತ್ಯಕ್ಕೆ ನೇರ ಕಾರಣವೆನ್ನಬೇಕಿಲ್ಲ. ಆದರೆ ನೋಡಲಾರದವನ ಪಕ್ಕದಲ್ಲಿ ಕೂತು ನೋಡುವುದೆಂದರೇನು ಎಂಬುದು ಅವಳಿಗೆ ಓದಿ ಬಂದ ತಿಳಿವಳಿಕೆಯಲ್ಲ.

4. ಮುಚ್ಚದ ಕಣ್ಣು

ಅದೇ 1847ರ ಕೊನೆಯಲ್ಲಿ ಪ್ರಕಟವಾದ ಎಮಿಲಿ ಬ್ರಾಂಟೆಯ ‘ವುದರಿಂಗ್ ಹೈಟ್ಸ್’ ಈ ಸೂತ್ರಕ್ಕೆ ಎದುರು ನಿಂತ ಉದಾಹರಣೆ. ಬಾಲಕ ಹೀತ್‌ಕ್ಲಿಫ್‌ನನ್ನು ಕನ್ನಡಿಯ ಮುಂದೆ ನಿಲ್ಲಿಸಿ, ಆಳದಲ್ಲಿ ಹುದುಗಿದ ಕಣ್ಣುಗಳನ್ನು ಧೈರ್ಯವಾಗಿ ತೆರೆಯಲು ಕಲಿಯೆಂದು ಮನೆಯ ಸೇವಕಿ ನೆಲಿ ಬುದ್ಧಿ ಹೇಳುತ್ತಾಳೆ. ಅವನು ಕಲಿಯುವುದಿಲ್ಲ. ಕಡೆಗೆ, ತೆರೆದ ಕಿಟಕಿಯಿಂದ ಮಳೆ ಬಡಿಯುತ್ತಿರುವ ಕೋಣೆಯಲ್ಲಿ ಸತ್ತು ಬಿದ್ದಿರುವ ಅವನ ಕಣ್ಣು ಮುಚ್ಚಲು ಅದೇ ನೆಲಿ ಯತ್ನಿಸಿದರೆ ರೆಪ್ಪೆಗಳು ಬಗ್ಗುವುದಿಲ್ಲ. ಸಾವಿಗೂ ಮಣಿಯದ ಈ ನೋಟವನ್ನು ಯಾರೂ ನಿರಾಳವಾಗಿ ಓದಲಾರರು. ಅವನ ಸೆಳೆತ ಭೀತಿಯ ಅಂಚಿನಲ್ಲೇ ಉಳಿಯುವುದಕ್ಕೆ ಇದೇ ಕಾರಣ.

5. ಉಪಸಂಹಾರ

1908ರಲ್ಲಿ ಶುರುವಾದ ಮಿಲ್ಸ್ ಅಂಡ್ ಬೂನ್‌ನಂಥ ಪ್ರಕಾಶನಗಳ ಮೂಲಕ ಪ್ರಣಯ ಕಾದಂಬರಿ ದೊಡ್ಡ ಉದ್ಯಮವಾಯಿತು. ಜ್ಯಾನಿಸ್ ರಾಡ್‌ವೇ 1984ರ ತಮ್ಮ ಅಧ್ಯಯನದಲ್ಲಿ ಅಮೆರಿಕದ ಪ್ರಣಯ ಕಾದಂಬರಿಗಳ ಓದುಗ ಮಹಿಳೆಯರನ್ನು ಮಾತನಾಡಿಸಿದಾಗ, ನಾಯಕನ ಒರಟುತನದ ಹಿಂದೆ ಅಡಗಿದ ಮಾರ್ದವವನ್ನು ಅವರು ಅರಸುತ್ತಿದ್ದುದು ಕಂಡುಬಂತು. ಆ ಅರಸುವಿಕೆಯ ಹಳೆಯ ಹಾದಿ ಪೆಂಬರ್ಲಿಯ ಚಿತ್ರಶಾಲೆಯ ಮೂಲಕ ಹಾಯ್ದು ಬಂದಿದೆ. ನಾಯಕನ ಕಣ್ಣು ಕಪ್ಪೋ ನೀಲಿಯೋ ಎಂಬುದು ಹೊದಿಕೆಯ ವಿವರ. ಚಕ್ಷುಪ್ರೀತಿಗೆ ಬೇಕಾದದ್ದು ಅವಳ ಎದುರಿಗೆ ಒಂದಿಷ್ಟು ಹೊತ್ತು ಸುಮ್ಮನಿರಬಲ್ಲ ಕಣ್ಣು. ಮಳೆಗೆ ಕೈ ಚಾಚಿದ ರಾಚೆಸ್ಟರ್‌ನ ಮುಂದೆ ಉಸಿರು ಬಿಗಿಹಿಡಿದು ನಿಂತ ಜೇನ್‌ಳ ಜೊತೆಗೆ ಓದುಗಿಯೂ ನಿಂತಿರುತ್ತಾಳೆ. ಅಲ್ಲಿ ಅವಳನ್ನು ಯಾರೂ ನೋಡುತ್ತಿರುವುದಿಲ್ಲ.