ಬೆರಳಚ್ಚು ಮತ್ತು ಶ್ವಾಸಕೋಶ: ಕೋಲಾರ ಚಿನ್ನದ ಗಣಿಗಳಲ್ಲಿ ಕಾರ್ಮಿಕ ನಿರ್ವಹಣೆ

ಗಣಿ ಕಂಪನಿಯೊಂದು ತನ್ನ ಕಾರ್ಮಿಕನ ಬಗ್ಗೆ ಏನನ್ನು ಬರೆದಿಟ್ಟುಕೊಳ್ಳುತ್ತದೆ, ಏನನ್ನು ಬರೆಯದೆ ಬಿಡುತ್ತದೆ ಎಂಬುದರಲ್ಲಿ ಅದರ ಮಾನವ ಸಂಪನ್ಮೂಲ ನೀತಿಯ ನಿಜ ಸ್ವರೂಪ ಕಾಣುತ್ತದೆ. ಕೋಲಾರದ ಚಿನ್ನದ ಗಣಿಗಳನ್ನು ಈ ಲೇಖನ ಆ ದೃಷ್ಟಿಯಿಂದ ಪರಿಶೀಲಿಸುತ್ತದೆ.

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಬ್ರಿಟಿಷ್ ಕಂಪನಿ ಇಲ್ಲಿಗೆ ಕಾಲಿಟ್ಟ ನಂತರ ಗಣಿಗಾರಿಕೆ ದೊಡ್ಡ ಪ್ರಮಾಣದಲ್ಲಿ ಬೆಳೆಯಿತು. ಆಳುಗಳನ್ನು ಒದಗಿಸುವ ಕೆಲಸ ಹೆಚ್ಚಾಗಿ ಗುತ್ತಿಗೆದಾರರದು, ಮೇಸ್ತ್ರಿಗಳದು. ಉತ್ತರ ಆರ್ಕಾಟಿನಂಥ ಜಿಲ್ಲೆಗಳಿಂದ ಬಂದ ತಮಿಳು ದಲಿತರೇ ಸುರಂಗಕ್ಕಿಳಿದವರಲ್ಲಿ ಬಹುಪಾಲು. ಈ ಏರ್ಪಾಟಿನಿಂದ ಕಂಪನಿಗೆ ದುಡಿಮೆ ದಕ್ಕುತ್ತಿತ್ತು, ದುಡಿಯುವವನ ಹೊಣೆ ಮಾತ್ರ ದೂರ ಉಳಿಯುತ್ತಿತ್ತು. ಆದರೆ ಚಿನ್ನದ ಕಳವಿನ ಭಯ ಬಂದಾಗ, ಬಿಟ್ಟುಹೋದವರು ಮತ್ತೆ ಬಂದು ಸೇರುವುದನ್ನು ತಡೆಯಬೇಕಾದಾಗ, ಅದೇ ಕಾರ್ಮಿಕನನ್ನು ಒಬ್ಬೊಬ್ಬನಾಗಿ ಗುರುತಿಸುವ ಅಗತ್ಯ ಬಿತ್ತು. 1930ರಲ್ಲಿ ಬೆರಳಚ್ಚು ಸಹಿತ ನೋಂದಣಿಯನ್ನು ಹೇರಹೊರಟಾಗ ಕಾರ್ಮಿಕರು ಸುಮಾರು ಮೂರು ವಾರ ಕೆಲಸ ನಿಲ್ಲಿಸಿದರು. ಈ ಮುಷ್ಕರವನ್ನು ಹೊಸ ಪದ್ಧತಿಯ ಕುರಿತ ಅಜ್ಞಾನವೆಂದು ಓದುವುದು ಅನ್ಯಾಯ. ಬೆರಳಚ್ಚು ಅಪರಾಧಿಗಳ ದಾಖಲೆಗೆ ಸೇರಿದ್ದೆಂಬುದು ಅವರಿಗೆ ಚೆನ್ನಾಗಿ ತಿಳಿದಿತ್ತು.

ಕೈಯ ದಾಖಲೆಗೆ ಇದ್ದ ಈ ಆತುರ ಎದೆಯ ದಾಖಲೆಗೆ ಇರಲಿಲ್ಲ. ಕೋಲಾರದ ಚಿನ್ನ ಬೆಣಚುಕಲ್ಲಿನ ಪದರಗಳಲ್ಲಿದೆ. ಅದನ್ನು ಕೊರೆದಾಗ ಏಳುವ ಸಿಲಿಕಾ ದೂಳು ಶ್ವಾಸಕೋಶವನ್ನು ಗಟ್ಟಿಗೊಳಿಸುತ್ತದೆ; ಈ ರೋಗವೇ ಸಿಲಿಕೋಸಿಸ್. 1940ರ ದಶಕದಲ್ಲಿ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ತಪಾಸಣೆಗೆ ಒಳಪಡಿಸಿದಾಗ ಶೇ. 40ಕ್ಕೂ ಹೆಚ್ಚು ಮಂದಿಯಲ್ಲಿ ಸಿಲಿಕೋಸಿಸ್ ಕಂಡುಬಂತು. ಅಷ್ಟರಲ್ಲಿ ಗಣಿಗಾರಿಕೆಗೆ ಅರ್ಧ ಶತಮಾನ ದಾಟಿತ್ತು. ಅದಕ್ಕೆ ಮುಂಚೆ ಕೆಮ್ಮುತ್ತಾ ಊರಿಗೆ ಮರಳಿದವರು ಈ ಲೆಕ್ಕದಲ್ಲಿಲ್ಲ.

1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ಕೈಗೆ, ಆಮೇಲೆ ಕೇಂದ್ರದ ಕೈಗೆ ಬಂದವು; 2001ರ ಫೆಬ್ರುವರಿಯಲ್ಲಿ ಮುಚ್ಚಿದವು. ಮೂರು ಕಿಲೋಮೀಟರಿಗೂ ಹೆಚ್ಚು ಆಳದ ಶಾಫ್ಟುಗಳಿಗೆ ನೀರು ತುಂಬಿತು. ದೂಳಿನ ರೋಗಕ್ಕೆ ಈ ದಿನಾಂಕದ ಹಂಗಿಲ್ಲ: ಸಿಲಿಕೋಸಿಸ್ ದೂಳಿನಿಂದ ದೂರವಾದ ಮೇಲೂ ಉಲ್ಬಣಿಸುತ್ತದೆ, ಎಷ್ಟೋ ಸಲ ಕೆಲಸ ಬಿಟ್ಟು ವರ್ಷಗಳಾದ ಮೇಲೆ ಗೊತ್ತಾಗುತ್ತದೆ.

1955ರ ಗಣಿ ನಿಯಮಗಳಡಿ ಕೆಲಸಕ್ಕೆ ಸೇರುವಾಗ ಮತ್ತು ಐದು ವರ್ಷ ಮೀರದ ಅಂತರದಲ್ಲಿ ವೈದ್ಯಕೀಯ ತಪಾಸಣೆ ಕಡ್ಡಾಯವಾಯಿತು. ಆದರೆ ಗುತ್ತಿಗೆ ಕಾರ್ಮಿಕನೊಬ್ಬ ಒಂದು ಗಣಿಯಲ್ಲಿ ಎರಡು ವರ್ಷ, ಇನ್ನೊಂದರಲ್ಲಿ ಮೂರು ವರ್ಷ ದುಡಿದರೆ ಅವನು ಉಸಿರಾಡಿದ ಒಟ್ಟು ದೂಳಿನ ಲೆಕ್ಕ ಯಾರ ಕಡತದಲ್ಲಿರಬೇಕು? ಕಾರ್ಮಿಕನ ಆರೋಗ್ಯ ದಾಖಲೆ ಅವನ ಸ್ವತ್ತಾಗಿ, ಗಣಿಯಿಂದ ಗಣಿಗೂ ನಿವೃತ್ತಿಯ ನಂತರವೂ ಅವನೊಂದಿಗೆ ಸಾಗಬೇಕು. ಗುತ್ತಿಗೆದಾರ ಬದಲಾದರೂ ಅದನ್ನು ಮುಂದುವರಿಸುವ ಹೊಣೆ ಗಣಿಯ ಮಾಲೀಕನದೇ ಆಗಿರಬೇಕು.