ಜರಗನಹಳ್ಳಿಯ ಇರುಳು

ಕನಕಪುರದ ಹೆದ್ದಾರಿಯ ಮಗ್ಗುಲಲ್ಲಿ, ಸಾರಕ್ಕಿ ಕೆರೆಗೆ ಸಮೀಪವಾಗಿರುವ ಜರಗನಹಳ್ಳಿಯು ಇಂದು ಮಹಾನಗರದೊಳಗೆ ಕರಗಿಹೋಗಿದ್ದರೂ, ಒಂದು ಕಾಲಕ್ಕೆ ಹೊಲಗದ್ದೆಗಳ ನಡುವಣ ಗ್ರಾಮವಾಗಿತ್ತು. ಹರಳೆಣ್ಣೆಯ ದೀಪವನ್ನು ಬಹಳ ಹೊತ್ತು ಉರಿಸುವುದು ದುಂದೆನಿಸುತ್ತಿದ್ದ ಆ ದಿನಗಳಲ್ಲಿ, ರಾಗಿಮುದ್ದೆಯುಂಡು, ಜಗಲಿಯ ಮೇಲೆ ಚಾಪೆ ಹಾಸಿ, ಕರಿಯ ಕಂಬಳಿಯನ್ನು ಮುಸುಕೆಳೆದು ಮಲಗಿದ ಬೇಸಾಯಗಾರನು ಕೋಳಿ ಕೂಗುವ ಹೊತ್ತಿಗೆ ಏಳುತ್ತಿದ್ದನು. ಹಾಗೆಂದು ಪೂರ್ವಿಕರ ನಿದ್ರೆ ನಿರ್ವಿಘ್ನವಾಗಿತ್ತೆಂದು ಭಾವಿಸಲಾಗದು: ಸೊಳ್ಳೆ, ತಿಗಣೆ, ಸುಗ್ಗಿಯ ಕಣದ ಕಾವಲು, ಶಿವರಾತ್ರಿಯ ಜಾಗರಣೆ, ಇವೆಲ್ಲವೂ ಅದರಲ್ಲಿ ತಮ್ಮ ಪಾಲನ್ನು ಕೇಳುತ್ತಿದ್ದುವು, ಆದರೆ ಕತ್ತಲೆಯು ಎಲ್ಲರಿಗೂ ಸಮಾನವಾಗಿ ಲಭಿಸುತ್ತಿತ್ತು.

1905ರ ಆಗಸ್ಟ್ ತಿಂಗಳಲ್ಲಿ ಶಿವನಸಮುದ್ರದ ಜಲವಿದ್ಯುತ್ತಿನಿಂದ ಬೆಂಗಳೂರಿನ ಬೀದಿದೀಪಗಳು ಬೆಳಗಿದುವು. ನಗರದ ಇರುಳು ಅಂದಿನಿಂದ ಕುಗ್ಗುತ್ತಲೇ ಬಂದಿತು. 2017ರಲ್ಲಿ ಮೆಟ್ರೋ ರೈಲು ನೆರೆಯ ಯಲಚೇನಹಳ್ಳಿಯವರೆಗೆ ಬಂದಿತು. ಪರದೇಶದ ಗಡಿಯಾರಕ್ಕನುಗುಣವಾಗಿ ದುಡಿಯುವ ತರುಣರನ್ನು ಹೊತ್ತ ಕ್ಯಾಬುಗಳು ನಡುರಾತ್ರಿಯಲ್ಲಿ ಇಕ್ಕಟ್ಟಿನ ಅಡ್ಡರಸ್ತೆಗೆ ತಿರುಗಿದಾಗ, ಅವುಗಳ ದೀಪದ ಬೆಳಕು ಕಿಟಕಿಯ ಸರಳುಗಳನ್ನು ದಾಟಿ ಮಲಗಿದವರ ರೆಪ್ಪೆಯ ಮೇಲೆ ಬೀಳುತ್ತದೆ. ಆ ತರುಣರಿಗೂ ಹಗಲಿನ ನಿದ್ರೆ ಪೂರ್ಣವಾಗಿ ದಕ್ಕುವುದಿಲ್ಲವೆಂಬುದೇ ನನಗೆ ಹೆಚ್ಚಿನ ವ್ಯಥೆ.

ಬೆಳಕಿನಂತೆ ಸದ್ದೂ ನಿದ್ರೆಯನ್ನು ಕೆಡಿಸುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗಿನ 6ರವರೆಗೆ 45 ಡೆಸಿಬಲ್ಲಿನ ಮಿತಿಯನ್ನು ವಿಧಿಸಿವೆ. ಬಡಾವಣೆಯ ಬಂಧುಗಳೇ, ಆ ಎಂಟು ಗಂಟೆಗಳ ಕಾಲ ಹಾರನ್ ಒತ್ತದಿರಿ. ನೆರೆಮನೆಯ ಕೂಸುಗಳೂ ವೃದ್ಧರೂ ನಿದ್ರಿಸಲಿ.