ಸೂರತ್ ಸೀರೆಯಿಂದ ವಡೋದರಾ ಚೂಡಾವರೆಗೆ: ಆನ್‌ಲೈನ್ ವ್ಯಾಪಾರಕ್ಕೆ ಇಳಿಯುವ ಮುನ್ನ ಈ ಲೆಕ್ಕ ಗೊತ್ತಿರಲಿ

ನಿಮ್ಮ ಮೊಬೈಲ್‌ನಲ್ಲಿ ಸೀರೆ ಮಾರುವ ವಾಟ್ಸಾಪ್ ಗ್ರೂಪ್ ಒಂದಾದರೂ ಇರಬಹುದು. ಬೆಳಗ್ಗೆ ಹತ್ತು ಫೋಟೊ, ಸಂಜೆ ಹತ್ತು ಫೋಟೊ, ಕೆಳಗೆ 'ಸಿಂಗಲ್ಸ್ ಅವೈಲಬಲ್' ಎಂಬ ಒಂದು ಸಾಲು. ಫೋಟೊ ಹಾಕುವವರು ದಾವಣಗೆರೆಯವರೋ, ಹುಬ್ಬಳ್ಳಿಯವರೋ ಆಗಿರುತ್ತಾರೆ. ಸೀರೆ ಹೊರಡುವುದು ಮಾತ್ರ ಎಷ್ಟೋ ಬಾರಿ ಗುಜರಾತ್‌ನ ಸೂರತ್‌ನಿಂದ.

ಮನೆಯಲ್ಲೇ ಕುಳಿತು ಆನ್‌ಲೈನ್ ವ್ಯಾಪಾರ ಮಾಡಬೇಕು ಎಂದುಕೊಳ್ಳುವವರ ಸಂಖ್ಯೆ ಕಡಿಮೆಯೇನಿಲ್ಲ. ಅವರಲ್ಲಿ ಬಹಳಷ್ಟು ಮಂದಿ ಮೊದಲು ದುಡ್ಡು ಹಾಕುವುದು ಜಾಹೀರಾತಿಗೆ ಅಥವಾ ಯಾವುದೋ ಕೋರ್ಸ್‌ಗೆ. ಆದರೆ ಇಂಟರ್ನೆಟ್ ಮಾರ್ಕೆಟಿಂಗ್‌ನಲ್ಲಿ ಹಣ ಸೋರುವುದು ಇನ್ನೊಂದು ಜಾಗದಲ್ಲಿ. ಅದನ್ನು ಅರ್ಥ ಮಾಡಿಕೊಳ್ಳಲು ಸೂರತ್, ಅಹಮದಾಬಾದ್ ಮತ್ತು ವಡೋದರಾಗಳಲ್ಲಿ ವ್ಯಾಪಾರ ಹೇಗೆ ನಡೆಯುತ್ತದೆ ಎಂದು ನೋಡಿದರೆ ಸಾಕು. ಮುಂಬೈ ಕಡೆಗೆ ಹೋಗುವ ಒಂದೇ ರೈಲು ಮಾರ್ಗದಲ್ಲಿ, ಸುಮಾರು 230 ಕಿ.ಮೀ. ಅಂತರದೊಳಗೆ ಈ ಮೂರೂ ನಗರಗಳಿವೆ. ಮಾರುವ ದಾರಿ ಮಾತ್ರ ಮೂರು ಕಡೆಯೂ ಬೇರೆ.

ಸೂರತ್: ಒಂದು ಫೋಟೊ, ಸಾವಿರ ಮಾರಾಟಗಾರರು

ಸೂರತ್‌ನ ರಿಂಗ್ ರೋಡ್ ದೇಶದ ಸಿಂಥೆಟಿಕ್ ಬಟ್ಟೆಯ ದೊಡ್ಡ ಸಗಟು ಮಾರುಕಟ್ಟೆ. ಇಲ್ಲಿ ಸೀರೆ ಮಾರಾಟವಾಗುವುದು 'ಕ್ಯಾಟಲಾಗ್' ಲೆಕ್ಕದಲ್ಲಿ. ಆರೋ ಎಂಟೋ ಡಿಸೈನ್‌ಗಳ ಒಂದು ಸೆಟ್, ಅದಕ್ಕೊಂದು ಹೆಸರು, ರೂಪದರ್ಶಿ ಉಟ್ಟು ನಿಂತ ಫೋಟೊಗಳು. ಹಿಂದೆ ಅಂಗಡಿಯವರು ಏಜೆಂಟರ ಮೂಲಕ ಇಡೀ ಸೆಟ್ ತೆಗೆದುಕೊಳ್ಳಬೇಕಿತ್ತು. ಹಣ ಉದ್ರಿಯಲ್ಲಿ, ತಿಂಗಳುಗಟ್ಟಲೆ ಕಳೆದ ಮೇಲೆ ಬರುತ್ತಿತ್ತು.

ವಾಟ್ಸಾಪ್ ಬಂದ ಮೇಲೆ ಅದೇ ಫೋಟೊಗಳು ನೇರವಾಗಿ ಗೃಹಿಣಿಯರ ಕೈಗೆ ಬಂದವು. ಸೆಟ್ ಬೇಡ, ಒಂದೇ ಸೀರೆ ಸಾಕು ಎನ್ನುವವರಿಗೆ 'ಸಿಂಗಲ್ಸ್'. ಸರಕು ಇಟ್ಟುಕೊಳ್ಳದೆ, ಆರ್ಡರ್ ಬಂದಾಗ ತರಿಸಿ ಕೊಡುವ ರೀಸೆಲ್ಲರ್‌ಗಳ ದೊಡ್ಡ ವರ್ಗವೇ ಹುಟ್ಟಿತು. ಇದನ್ನೇ ವ್ಯಾಪಾರವನ್ನಾಗಿ ಮಾಡಿಕೊಂಡಿದ್ದು ಬೆಂಗಳೂರಿನ ಮೀಶೋ. ವಿದಿತ್ ಆತ್ರೇಯ ಮತ್ತು ಸಂಜೀವ್ ಬರ್ನವಾಲ್ 2015ರಲ್ಲಿ ಆರಂಭಿಸಿದ ಈ ಕಂಪನಿಯಲ್ಲಿ 2019ರಲ್ಲಿ ಫೇಸ್‌ಬುಕ್ ಕೂಡ ಹಣ ಹೂಡಿತು. 2021ರಲ್ಲಿ ಮೀಶೋ ಮಾರಾಟಗಾರರಿಂದ ಕಮಿಷನ್ ತೆಗೆದುಕೊಳ್ಳುವುದನ್ನು ಕೈಬಿಟ್ಟಾಗ ಸೂರತ್‌ನ ಸಣ್ಣ ವ್ಯಾಪಾರಿಗಳು ತಾವೇ ನೇರವಾಗಿ ಗ್ರಾಹಕರಿಗೆ ಮಾರುವ ದಾರಿ ಇನ್ನಷ್ಟು ಸುಲಭವಾಯಿತು.

ಹೊಸಬರಿಗೆ ಪೆಟ್ಟು ಬೀಳುವುದು ಇಲ್ಲೇ. ಒಂದೇ ಕ್ಯಾಟಲಾಗ್ ಫೋಟೊ ಸಾವಿರಾರು ಮಂದಿಯ ಬಳಿ ಇರುವಾಗ ಗ್ರಾಹಕರು ನೋಡುವುದು ಬೆಲೆಯನ್ನು ಮಾತ್ರ. ನೀವು 650 ರೂ. ಎಂದರೆ ಇನ್ನೊಬ್ಬರು 620 ಎನ್ನುತ್ತಾರೆ. ಖುದ್ದು ಉತ್ಪಾದಕರೇ ಆ್ಯಪ್‌ನಲ್ಲಿ 480ಕ್ಕೆ ಹಾಕಿರುತ್ತಾರೆ. ಹೀಗಾಗಿ ರೀಸೆಲ್ಲಿಂಗ್‌ನಲ್ಲಿ ಉಳಿದುಕೊಂಡವರು ಕ್ಯಾಟಲಾಗ್ ಫೋಟೊವನ್ನು ಬದಿಗಿಟ್ಟು, ಸೀರೆಯನ್ನು ಒಂದು ಬಾರಿ ತರಿಸಿ, ಬಿಸಿಲಿನಲ್ಲಿ ಹಿಡಿದು, ಸೆರಗು ಬಿಚ್ಚಿ, ಬಟ್ಟೆ ಎಷ್ಟು ತೆಳು ಎಂದು ತಾವೇ ವಿಡಿಯೊ ಮಾಡಿ ತೋರಿಸುವವರು. ಕನ್ನಡದಲ್ಲಿ ಮಾತನಾಡಿ ತೋರಿಸಿದರೆ ನಿಮ್ಮ ಊರಿನ ಗ್ರಾಹಕರಿಗೆ ಇನ್ನೂ ಹತ್ತಿರ.

ಒಂದು ಪಾರ್ಸೆಲ್‌ನ ನಿಜವಾದ ಖರ್ಚು

ಜಾಹೀರಾತಿಗೆ ಎಷ್ಟು ಹಾಕಬೇಕು ಎಂಬ ಪ್ರಶ್ನೆಗೆ ಮೊದಲು ಒಂದು ಪಾರ್ಸೆಲ್‌ನ ಲೆಕ್ಕ ಬೇಕು. ಉದಾಹರಣೆಗೆ, ಸೀರೆಯ ಅಸಲು 350 ರೂ., ಮಾರುವ ಬೆಲೆ 600 ರೂ. ಎಂದುಕೊಳ್ಳಿ. ಪ್ಯಾಕಿಂಗ್‌ಗೆ 15, ಕೊರಿಯರ್‌ಗೆ 70, ಒಂದು ಆರ್ಡರ್ ತರಲು ಫೇಸ್‌ಬುಕ್ ಅಥವಾ ಇನ್‌ಸ್ಟಾಗ್ರಾಂ ಜಾಹೀರಾತಿಗೆ 80 ರೂ. ಹೋಯಿತು. ಉಳಿಯುವುದು 85 ರೂ. ತೆರಿಗೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ.

ನೂರು ಆರ್ಡರ್‌ಗೆ 8,500 ರೂ. ಲಾಭ ಎಂದು ಹೆಚ್ಚಿನವರು ಬರೆದುಕೊಳ್ಳುವುದು ಇಲ್ಲೇ. ಆದರೆ ಎಲ್ಲವೂ ಕ್ಯಾಶ್ ಆನ್ ಡೆಲಿವರಿ ಆರ್ಡರ್ ಆಗಿದ್ದರೆ? ಬಾಗಿಲಿಗೆ ಬಂದ ಪಾರ್ಸೆಲ್ ಬೇಡ ಎನ್ನುವವರು, ಫೋನ್ ಎತ್ತದವರು, ವಿಳಾಸ ತಪ್ಪು ಕೊಟ್ಟವರು ಇದ್ದೇ ಇರುತ್ತಾರೆ. ಹೀಗೆ ವಾಪಸ್ ಬರುವುದಕ್ಕೆ ಕೊರಿಯರ್ ಭಾಷೆಯಲ್ಲಿ ಆರ್‌ಟಿಒ ಎನ್ನುತ್ತಾರೆ. (ಡ್ರೈವಿಂಗ್ ಲೈಸೆನ್ಸ್ ಕೊಡುವ ಕಚೇರಿಗೂ ಇದಕ್ಕೂ ಸಂಬಂಧವಿಲ್ಲ, ತಲೆನೋವು ಮಾತ್ರ ಕಡಿಮೆಯಲ್ಲ.) ವಾಪಸ್ ಬರುವ ಪ್ರತಿ ಪಾರ್ಸೆಲ್‌ಗೆ ಜಾಹೀರಾತಿನ 80, ಪ್ಯಾಕಿಂಗ್‌ನ 15, ಹೋಗುವ 70 ಮತ್ತು ಬರುವ ಬಾಡಿಗೆ 60 ಸೇರಿ 225 ರೂ. ಕೈಬಿಡುತ್ತದೆ.

ನೂರರಲ್ಲಿ 25 ವಾಪಸ್ ಬಂದವು ಎನ್ನಿ. 75 ಸೀರೆಗಳಿಂದ ಬಂದದ್ದು 6,375 ರೂ., 25ರಿಂದ ಹೋದದ್ದು 5,625 ರೂ. ನೂರು ಪಾರ್ಸೆಲ್ ಕಟ್ಟಿದ ಶ್ರಮಕ್ಕೆ ಸಿಕ್ಕಿದ್ದು 750 ರೂ. ಇನ್ನು 30 ವಾಪಸ್ ಬಂದರೆ 800 ರೂ. ಕೈಯಿಂದಲೇ ಹೋಗುತ್ತದೆ.

ಈಗ ಇದನ್ನೇ ತಿರುಗಿಸಿ ನೋಡಿ. ಮೊದಲೇ ಯುಪಿಐನಲ್ಲಿ ಪಾವತಿಸಿದರೆ 30 ರೂ. ರಿಯಾಯಿತಿ ಎಂದು ಹೇಳಿ, ಎಲ್ಲರೂ ಒಪ್ಪಿದರು ಎಂದುಕೊಳ್ಳೋಣ. ಪ್ರತಿ ಸೀರೆಗೆ ಉಳಿಯುವುದು 55 ರೂ. ಮಾತ್ರ. ಆದರೂ ನೂರರಲ್ಲಿ 5 ವಾಪಸ್ ಬಂದರೂ ಕೊನೆಗೆ ಕೈಯಲ್ಲಿ 4,100 ರೂ. ಇರುತ್ತದೆ. ವಾಸ್ತವದಲ್ಲಿ ಎಲ್ಲರೂ ಮುಂಗಡ ಕೊಡುವುದಿಲ್ಲ, ಆರ್ಡರ್‌ಗಳೂ ಕಡಿಮೆಯಾಗುತ್ತವೆ. ಆದರೂ ಸಿಒಡಿ ಆರ್ಡರ್ ಬಂದ ಕೂಡಲೇ ಒಂದು ಫೋನ್ ಕರೆ ಮಾಡಿ ವಿಳಾಸ ಖಚಿತ ಮಾಡಿಕೊಳ್ಳುವುದು, ಸ್ವಲ್ಪ ಮುಂಗಡ ಕೇಳುವುದು, ಮೇಲಿಂದ ಮೇಲೆ ವಾಪಸ್ ಬರುವ ಪಿನ್‌ಕೋಡ್‌ಗಳಿಗೆ ಸಿಒಡಿ ನಿಲ್ಲಿಸುವುದು, ಇವು ಎರಡು ಪಟ್ಟು ಜಾಹೀರಾತಿಗಿಂತ ಹೆಚ್ಚು ಉಳಿಸಿಕೊಡುತ್ತವೆ.

ಜಾಹೀರಾತಿನ ಫಲಿತಾಂಶವನ್ನೂ ಬಂದ ಆರ್ಡರ್ ಲೆಕ್ಕದಲ್ಲಿ ನೋಡಬಾರದು. ತಲುಪಿದ ಆರ್ಡರ್‌ಗಳಿಂದ ಭಾಗಿಸಿ. ಎಂಟು ಸಾವಿರ ರೂ. ಖರ್ಚಿಗೆ ನೂರು ಆರ್ಡರ್ ಬಂದು 75 ತಲುಪಿದರೆ ನಿಮ್ಮ ಜಾಹೀರಾತು ಖರ್ಚು ಆರ್ಡರ್‌ಗೆ 80 ಅಲ್ಲ, ಸುಮಾರು 107 ರೂ. ಅದರ ಮೇಲೆ ಶೇ.18 ಜಿಎಸ್‌ಟಿಯೂ ಬೀಳುತ್ತದೆ. ಜಿಎಸ್‌ಟಿ ನೋಂದಣಿ ಇದ್ದವರು ಇದನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯಬಹುದು.

'ಸಿಲ್ಕ್' ಎಂದು ಬರೆದು ಸಿಕ್ಕಿಬೀಳುವುದು

ಸೂರತ್ ಕ್ಯಾಟಲಾಗ್‌ಗಳಲ್ಲಿ 'ಲಿಚಿ ಸಿಲ್ಕ್', 'ಸಾಫ್ಟ್ ಸಿಲ್ಕ್' ಎಂಬ ಹೆಸರುಗಳು ಸಾಮಾನ್ಯ. 500 ರೂ. ಆಸುಪಾಸಿನ ಈ ಸೀರೆಗಳು ರೇಷ್ಮೆಯಲ್ಲ, ಪಾಲಿಯೆಸ್ಟರ್ ಅಥವಾ ಕೃತಕ ನೂಲಿನವು. ಮಾರುಕಟ್ಟೆಯವರಿಗೆ ಇದು ಗೊತ್ತಿರುವ ಸಂಗತಿ, ಶಿವಮೊಗ್ಗದ ಗ್ರಾಹಕಿಗೆ ಗೊತ್ತಿರಬೇಕೆಂದಿಲ್ಲ. ಮೊಳಕಾಲ್ಮೂರು, ಇಳಕಲ್, ಮೈಸೂರು ಸಿಲ್ಕ್‌ಗಳಿಗೆ ಜಿಐ ಮಾನ್ಯತೆ ಇರುವ ನಮ್ಮ ರಾಜ್ಯದಲ್ಲಿ, ಪವರ್‌ಲೂಮ್ ಸೀರೆಗೆ ಆ ಹೆಸರು ಹಚ್ಚಿ ಮಾರುವುದು ನೇಕಾರರ ಹೊಟ್ಟೆಯ ಮೇಲೂ ಹೊಡೆಯುತ್ತದೆ. ಶುದ್ಧ ರೇಷ್ಮೆ ಎಂದು ಹೇಳುವುದಾದರೆ, ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಕೇಂದ್ರ ರೇಷ್ಮೆ ಮಂಡಳಿಯ 'ಸಿಲ್ಕ್ ಮಾರ್ಕ್' ಇದೆಯೇ ಎಂದು ಮೊದಲು ನೋಡಿಕೊಳ್ಳಿ.

ಕಾನೂನು ಕೂಡ ಈಗ ಬಿಗಿಯಾಗಿದೆ. 2020ರ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳ ಪ್ರಕಾರ, ವರ್ಣನೆಗೆ ಹೊಂದದ ಅಥವಾ ದೋಷವಿರುವ ವಸ್ತುವನ್ನು ಮಾರಾಟಗಾರ ವಾಪಸ್ ತೆಗೆದುಕೊಳ್ಳಲು ನಿರಾಕರಿಸುವಂತಿಲ್ಲ. 'ನೋ ರಿಟರ್ನ್, ನೋ ಎಕ್ಸ್‌ಚೇಂಜ್' ಎಂದು ಫೋಟೊ ಕೆಳಗೆ ಬರೆದರೂ ಇದರಿಂದ ತಪ್ಪಿಸಿಕೊಳ್ಳಲಾಗದು. ಗ್ರಾಹಕರ ಸೋಗಿನಲ್ಲಿ ತಾವೇ ರಿವ್ಯೂ ಬರೆದುಕೊಳ್ಳುವುದಕ್ಕೂ ನಿಷೇಧವಿದೆ. ದಾರಿ ತಪ್ಪಿಸುವ ಜಾಹೀರಾತಿಗೆ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 10 ಲಕ್ಷ ರೂ.ವರೆಗೆ, ಮತ್ತೆ ಮಾಡಿದರೆ 50 ಲಕ್ಷ ರೂ.ವರೆಗೆ ದಂಡ ವಿಧಿಸಬಹುದು. ರೀಲ್ಸ್ ಮಾಡುವವರಿಗೆ ಹಣವನ್ನೋ ಉಚಿತ ಸೀರೆಯನ್ನೋ ಕೊಟ್ಟಿದ್ದರೆ, ಅದು ಜಾಹೀರಾತು ಎಂದು ಅವರು ಸ್ಪಷ್ಟವಾಗಿ ಹೇಳಲೇಬೇಕು.

ಅಹಮದಾಬಾದ್: ಸ್ವಂತ ಅಂಗಡಿ, ಸರಿಯಾದ ಕಾಲ

ಆ್ಯಪ್‌ಗಳನ್ನು ನಂಬದೆ ಸ್ವಂತ ವೆಬ್‌ಸೈಟ್ ಕಟ್ಟಿಕೊಳ್ಳುವ ದಾರಿಯೂ ಇದೆ. ಅಹಮದಾಬಾದ್‌ಗೆ ಇದರಲ್ಲಿ ಹಳೆಯ ಅನುಭವ. ವಿಶಾಲ್ ಮೆಹ್ತಾ 2007ರಲ್ಲಿ ಇಲ್ಲಿ ಆರಂಭಿಸಿದ ಇನ್ಫಿಬೀಮ್, 2016ರಲ್ಲಿ ಷೇರು ಮಾರುಕಟ್ಟೆಗೆ ಬಂದ ದೇಶದ ಮೊದಲ ಇ-ಕಾಮರ್ಸ್ ಕಂಪನಿ. 2007ರಲ್ಲೇ ಬೆಂಗಳೂರಿನಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್‌ನಷ್ಟು ದೊಡ್ಡ ಚಿಲ್ಲರೆ ಅಂಗಡಿ ಅದು ಆಗಲಿಲ್ಲ. ಇತರರಿಗೆ ಆನ್‌ಲೈನ್ ಅಂಗಡಿ ಕಟ್ಟಿಕೊಡುವುದು ಮತ್ತು ಸಿಸಿಅವೆನ್ಯೂ ಮೂಲಕ ಪಾವತಿ ಸೇವೆ ಒದಗಿಸುವುದೇ ಅದರ ಮುಖ್ಯ ಕಸುಬಾಯಿತು.

ಸ್ವಂತ ಸೈಟ್‌ಗೆ ಜನರನ್ನು ಕರೆತರುವುದು ನಿಮ್ಮದೇ ಹೊಣೆ. ಇಲ್ಲಿ ಕಾಲ ನೋಡುವುದು ಮುಖ್ಯ. ಲಾ ಗಾರ್ಡನ್ ಬಳಿಯ ಬೀದಿಯಲ್ಲಿ ಚನಿಯಾ ಚೋಲಿ ಮಾರುವವರಿಗೆ ನವರಾತ್ರಿಯೇ ವರ್ಷದ ಬೆಳೆ. ಗೂಗಲ್ ಟ್ರೆಂಡ್ಸ್‌ನಲ್ಲಿ 'ಚನಿಯಾ ಚೋಲಿ' ಎಂದು ಹಾಕಿ ನೋಡಿ, ಪ್ರತಿವರ್ಷ ಹಬ್ಬದ ಮುಂಚೆ ಹುಡುಕಾಟದ ಗೆರೆ ಗುಡ್ಡದಂತೆ ಏರಿ, ಹಬ್ಬ ಮುಗಿದ ಕೂಡಲೇ ಕುಸಿಯುತ್ತದೆ. ಹಬ್ಬಕ್ಕೆ ವಾರವಿದ್ದಾಗ ಸೈಟ್ ಆರಂಭಿಸಿದರೆ ಪ್ರಯೋಜನವಿಲ್ಲ. ಗೂಗಲ್ ಹೊಸ ಪುಟವನ್ನು ಗುರುತಿಸಿ ಮೇಲೆ ತರಲು ತಿಂಗಳುಗಳೇ ಬೇಕಾಗಬಹುದು. ಈ ಉಪಕರಣ ಉಚಿತ. ಗೌರಿ ಹಬ್ಬದ ಬಾಗಿನದ ಸಾಮಾನು, ದಸರಾ ಗೊಂಬೆ ಮಾರುವವರೂ ಇದನ್ನೇ ಬಳಸಬಹುದು.

'ಗೂಗಲ್‌ನಲ್ಲಿ ಮೊದಲ ಸ್ಥಾನ ಗ್ಯಾರಂಟಿ' ಎಂದು ಎಸ್‌ಇಒ ಏಜೆನ್ಸಿಗಳು ಫೋನ್ ಮಾಡುತ್ತಲೇ ಇರುತ್ತವೆ. ಅಂಥ ಗ್ಯಾರಂಟಿ ಯಾರೂ ಕೊಡಲಾರರು ಎಂದು ಗೂಗಲ್ ತನ್ನ ಮಾರ್ಗಸೂಚಿಯಲ್ಲೇ ಹೇಳಿದೆ.

ವಡೋದರಾ: ಪಕ್ಕದ ಬೀದಿಯ ಗ್ರಾಹಕರು

ವಡೋದರಾದ 'ಲೀಲೋ ಚೇವಡೋ', ಅಂದರೆ ಆಲೂಗಡ್ಡೆ ಮತ್ತು ಕಡಲೆಬೇಳೆಯ ಹಸಿರು ಚೂಡಾ, ಗುಜರಾತಿನಾಚೆಗೂ ಹೆಸರುವಾಸಿ. ನಮ್ಮ ಅವಲಕ್ಕಿ ಚೂಡಾದಷ್ಟು ಗರಿಗರಿ ಇರದೆ, ಸ್ವಲ್ಪ ತೇವವಾಗಿರುತ್ತದೆ. ಇಂಥದ್ದನ್ನು ದೇಶವಿಡೀ ಕಳಿಸುವ ಮುನ್ನ ಎಷ್ಟು ದಿನ ಕೆಡದೆ ಇರುತ್ತದೆ ಎಂಬುದೇ ಮಾರುಕಟ್ಟೆಯ ಗಡಿ. ತಿಂಡಿ ಮಾರುವವರಿಗೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆ ಕಡ್ಡಾಯ, ಮನೆಯಲ್ಲೇ ಮಾಡಿದರೂ ವಿನಾಯಿತಿ ಇಲ್ಲ.

ಅಂಥವರಿಗೆ ಗೂಗಲ್ ಬಿಸಿನೆಸ್ ಪ್ರೊಫೈಲ್ ಹೆಚ್ಚು ಉಪಯುಕ್ತ. ಖರ್ಚಿಲ್ಲ, ಮ್ಯಾಪ್‌ನಲ್ಲಿ ಕಾಣುತ್ತದೆ, ಬಾಗಿಲು ತೆರೆಯುವ ಸಮಯ ಮತ್ತು ಫೋನ್ ನಂಬರ್ ಸರಿಯಾಗಿದ್ದರೆ ಅರ್ಧ ಕೆಲಸ ಮುಗಿದಂತೆ. ರಿಯಾಯಿತಿ ಕೊಟ್ಟು ರಿವ್ಯೂ ಬರೆಸುವುದು ಗೂಗಲ್ ನೀತಿಗೆ ವಿರುದ್ಧ. ವಾಟ್ಸಾಪ್ ಬಿಸಿನೆಸ್ ಆ್ಯಪ್ ಕೂಡ ಉಚಿತ. ಆದರೆ ಒಂದು ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಮಂದಿಗಷ್ಟೇ ಜಾಗ. ಅದರಲ್ಲೂ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಸಂದೇಶ ತಲುಪುತ್ತದೆ. ಆದ್ದರಿಂದ ಪ್ರತಿ ಪಾರ್ಸೆಲ್‌ನಲ್ಲೂ 'ಈ ನಂಬರ್ ಸೇವ್ ಮಾಡಿಕೊಳ್ಳಿ' ಎಂಬ ಚೀಟಿ ಇಡುವುದು ಒಳ್ಳೆಯದು.

ಜಿಎಸ್‌ಟಿ ಬೇಕೇ, ಬೇಡವೇ?

ಹೊರ ರಾಜ್ಯಗಳಿಗೆ ಆ್ಯಪ್ ಮೂಲಕ ಸರಕು ಮಾರುವುದಾದರೆ ವಹಿವಾಟು ಎಷ್ಟೇ ಚಿಕ್ಕದಿರಲಿ, ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕು. ರಾಜ್ಯದೊಳಗೆ ಮಾತ್ರ ಮಾರುವ ಸಣ್ಣವರಿಗೆ 2023ರ ಅಕ್ಟೋಬರ್ 1ರಿಂದ ರಿಯಾಯಿತಿ ಇದೆ. ವಾರ್ಷಿಕ ವಹಿವಾಟು ಮಿತಿಯೊಳಗಿದ್ದರೆ (ಕರ್ನಾಟಕದಲ್ಲಿ ಸರಕಿಗೆ 40 ಲಕ್ಷ ರೂ.) ಪ್ಯಾನ್ ಕೊಟ್ಟು ಜಿಎಸ್‌ಟಿ ಪೋರ್ಟಲ್‌ನಲ್ಲಿ ಎನ್‌ರೋಲ್‌ಮೆಂಟ್ ಸಂಖ್ಯೆ ಪಡೆದರೆ ಸಾಕು. ನೋಂದಣಿ ಇರುವವರ ಹಣದಲ್ಲಿ ಆ್ಯಪ್‌ಗಳು ಶೇ.0.5 ಟಿಸಿಎಸ್ ಹಿಡಿದುಕೊಳ್ಳುತ್ತವೆ. 2024ರ ಜುಲೈಗೆ ಮುನ್ನ ಇದು ಶೇ.1 ಇತ್ತು. ರಿಟರ್ನ್ಸ್ ಸಲ್ಲಿಸುವಾಗ ಇದನ್ನು ಕೇಳಿ ಪಡೆಯಲು ಮರೆಯಬೇಡಿ.

ಕೋರ್ಸ್‌ಗೆ ಹಣ ಕಟ್ಟುವ ಮುನ್ನ

'ತಿಂಗಳಿಗೆ ಲಕ್ಷ ಗಳಿಸಿ' ಎನ್ನುವ ಕೋರ್ಸ್‌ಗಳಲ್ಲಿ ಒಂದು ಪ್ರಶ್ನೆ ಕೇಳಿ: ಕಲಿಸುವವರ ಆದಾಯ ಬರುವುದು ವಸ್ತು ಮಾರುವುದರಿಂದಲೋ, ಕೋರ್ಸ್ ಮಾರುವುದರಿಂದಲೋ? ನೀವು ಇನ್ನಿಬ್ಬರನ್ನು ಸೇರಿಸಿದರೆ ನಿಮಗೆ ಕಮಿಷನ್ ಎನ್ನುವುದಾದರೆ ಅಲ್ಲಿಂದ ಎದ್ದು ಬನ್ನಿ. ಹೀಗೆ ಜನರನ್ನು ಸೇರಿಸುತ್ತಾ ಹೋಗುವ ಪಿರಮಿಡ್ ಯೋಜನೆಗಳನ್ನು 2021ರ ನೇರ ಮಾರಾಟ ನಿಯಮಗಳು ನಿಷೇಧಿಸಿವೆ. ಜಾಹೀರಾತು ಕೊಡುವುದು ಹೇಗೆ ಎಂಬುದನ್ನು ಗೂಗಲ್‌ನ ಸ್ಕಿಲ್‌ಶಾಪ್ ಮತ್ತು ಫೇಸ್‌ಬುಕ್‌ನ ಒಡೆತನ ಹೊಂದಿರುವ ಮೆಟಾದ ಬ್ಲೂಪ್ರಿಂಟ್‌ನಲ್ಲಿ ಉಚಿತವಾಗಿಯೇ ಕಲಿಯಬಹುದು.

ಈಗಾಗಲೇ ಹಣ ಕಟ್ಟಿ ಮೋಸ ಹೋಗಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ದೂರು ಕೊಟ್ಟಷ್ಟೂ ಹಣ ಬೇರೆ ಖಾತೆಗೆ ಹೋಗುವ ಮುನ್ನ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಖರೀದಿಗೆ ಸಂಬಂಧಿಸಿದ ದೂರುಗಳಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.